ಮೊದಲನೆಯದು ಆಪರೇಷನ್ ಆದರೆ ಎರಡನೆಯದೂ ಆಪರೇಷನ್ನೇ?



ಈ ಅಂಕಣದಲ್ಲಿ ಶೇಂಗಾದ ಬೀಜೋಪಚಾರ, ಬೋರ್‌ವೆಲ್ಲಿನ ನೀರು, ಮಕ್ಕಳ ಭೇದಿ ಮೊದಲಾದ ವಿಷಯಗಳು ಬರುವುದು ರೂಢಿ. ಈ ಬಾರಿ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಸಂಬಂಧಿಸಿದ, ಆದರೆ ಗಂಡಂದಿರೂ ಅತ್ತೆಯಂದಿರೂ ಓದಲೇಬೇಕಾದ ಒಂದು ವಿಷಯವನ್ನು ತೆಗೆದುಕೊಂಡಿದ್ದೇವೆ.

ಬ್ರಹ್ಮಸಮುದ್ರ, ಕಲ್ಯಾಣದುರ್ಗ, ಹಿಂದೂಪುರದ ಕಡೆಯ ಮನೆಗಳಲ್ಲಿ ಎರಡನೆಯ ಬಸಿರಿನ ಮಾತು ಬಂದಾಗ, "ಮೊದಲನೆಯದು ಆಪರೇಷನ್ ಆಗಿದೆ ಫಾದರ್, ಇದೂ ಆಪರೇಷನ್ನೇ" ಎಂದು ಹೇಳುವುದನ್ನು ನಾವು ಕೇಳುತ್ತೇವೆ. ಹೇಳುವವರ ದನಿಯಲ್ಲಿ ಪ್ರಶ್ನೆ ಇರುವುದಿಲ್ಲ. ಮಳೆ ಬಂದರೆ ಹಗರಿಗೆ ನೀರು ಬರುತ್ತದೆ ಎಂಬಷ್ಟೇ ಖಚಿತವಾಗಿ ಹೇಳುತ್ತಾರೆ. ಆದರೆ ವೈದ್ಯಶಾಸ್ತ್ರ ಇಂದು ಹಾಗೆ ಹೇಳುವುದಿಲ್ಲ. ಒಮ್ಮೆ ಸಿಜೇರಿಯನ್ ಆದ ತಾಯಂದಿರಲ್ಲಿ ಬಹಳಷ್ಟು ಮಂದಿ ಮುಂದಿನ ಮಗುವನ್ನು ಸಹಜವಾಗಿ ಹೆರಲು ಸಾಧ್ಯ. ಆದರೆ ಅದನ್ನು ಎಲ್ಲಿ ಬೇಕಾದರೂ, ಹೇಗೆ ಬೇಕಾದರೂ ಮಾಡುವಂತಿಲ್ಲ. ಅದಕ್ಕೆ ತಕ್ಕ ಆಸ್ಪತ್ರೆ ಬೇಕು, ಕೈಯಲ್ಲಿ ಹಿಂದಿನ ಕಾಗದ ಬೇಕು, ಮೊದಲೇ ಆಲೋಚಿಸಿರಬೇಕು. ಈ ಮೂರೂ ನಮ್ಮವರಿಗೆ ಸುಲಭವಾಗಿ ಸಿಗುತ್ತಿಲ್ಲವಾದ್ದರಿಂದಲೇ ಈ ಲೇಖನ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಾವು ಆಪರೇಷನ್ನಿನ ವಿರೋಧಿಗಳಲ್ಲ. ಗುರುಮಠದಲ್ಲಿ ಲತೀನ್ ಕಲಿಯುವಾಗ ಸೀಸರ್ ಹೀಗೆ ಹುಟ್ಟಿದ್ದರಿಂದಲೇ ಈ ಹೆಸರು ಬಂತೆಂಬ ಕಥೆಯನ್ನು ಕೇಳಿದ್ದೆವು. ಅದು ನಂಬುವ ಕಥೆಯಲ್ಲ. ಸೀಸರನ ತಾಯಿ ಮಗ ದೊಡ್ಡವನಾಗುವವರೆಗೂ ಬದುಕಿದ್ದಳು; ಆ ಕಾಲದಲ್ಲಿ ಸತ್ತ ತಾಯಿಯ ಹೊಟ್ಟೆಯನ್ನು ಮಾತ್ರ ಸೀಳುತ್ತಿದ್ದರು. ಕೂಸಿಗೆ ಜ್ಞಾನಸ್ನಾನ ಸಿಗಲೆಂದು ಹಾಗೆ ಮಾಡಿಸಬೇಕೆಂದು ನಮ್ಮ ಧರ್ಮಸಭೆಯೇ ಹೇಳಿದ ಶತಮಾನಗಳೂ ಇದ್ದವು. ಇಂದು ಅದೇ ಕೆಲಸದಲ್ಲಿ ತಾಯಿಯೂ ಉಳಿಯುತ್ತಾಳೆ, ಮಗುವೂ ಉಳಿಯುತ್ತದೆ. ಅಡ್ಡ ಬಿದ್ದ ಮಗು, ನಿಲ್ಲದ ರಕ್ತಸ್ರಾವ, ಕುಗ್ಗುತ್ತಿರುವ ಎದೆಬಡಿತ - ಇಂಥ ಸಮಯದಲ್ಲಿ ಆಪರೇಷನ್ ಬೇಡವೆನ್ನುವವನು ಮೂರ್ಖ.

ಹಾಗಾದರೆ ಒಮ್ಮೆ ಕೊಯ್ದರೆ ಮುಂದೆಲ್ಲ ಕೊಯ್ಯಲೇಬೇಕೆಂಬ ಮಾತು ಎಲ್ಲಿಂದ ಬಂತು? 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರಾಗಿನ್ ಎಂಬ ವೈದ್ಯರು ಈ ಮಾತನ್ನು ಬರೆದರು. ಅವರ ಉದ್ದೇಶ ಬೇರೆ ಇತ್ತು. ಮೊದಲ ಆಪರೇಷನ್ನನ್ನು ಸುಮ್ಮಸುಮ್ಮನೆ ಮಾಡಬೇಡಿ, ಮುಂದಿನ ಹೆರಿಗೆಗಳಿಗೂ ಅದು ಅಂಟಿಕೊಳ್ಳುತ್ತದೆ ಎಂದು ಅವರು ಜೊತೆಯ ವೈದ್ಯರನ್ನು ಎಚ್ಚರಿಸುತ್ತಿದ್ದರು. ಎಚ್ಚರಿಕೆ ಮರೆತುಹೋಯಿತು, ನಿಯಮ ಮಾತ್ರ ಉಳಿಯಿತು.

ಆ ಕಾಲದಲ್ಲಿ ಗರ್ಭಕೋಶವನ್ನು ಮೇಲಿನಿಂದ ಕೆಳಕ್ಕೆ ಉದ್ದವಾಗಿ ಕೊಯ್ಯುತ್ತಿದ್ದರು. 1920ರ ದಶಕದಲ್ಲಿ ಗ್ಲಾಸ್ಗೋ ನಗರದ ಮನ್ರೋ ಕೆರ್ ಎಂಬ ವೈದ್ಯರು ಗರ್ಭಕೋಶದ ಕೆಳಭಾಗದಲ್ಲಿ ಅಡ್ಡವಾಗಿ ಕೊಯ್ಯುವ ಪದ್ಧತಿಯನ್ನು ಬಳಕೆಗೆ ತಂದರು. ಇಂದು ಬಹುತೇಕ ಎಲ್ಲೆಡೆ ನಡೆಯುವುದು ಅದೇ. ಇದು ಬರೀ ಕತ್ತರಿಯ ದಿಕ್ಕಿನ ಮಾತಲ್ಲ. ಹೆರಿಗೆ ನೋವಿನಲ್ಲಿ ಗರ್ಭಕೋಶದ ಮೇಲ್ಭಾಗ ಬಿಗಿದು ಮಗುವನ್ನು ಕೆಳಕ್ಕೆ ನೂಕುತ್ತದೆ. ಕೆಳಭಾಗ ಹಿಗ್ಗಿ ದಾರಿ ಬಿಡುತ್ತದೆ. ನೂಕುವ ಜಾಗದಲ್ಲಿ ಹಳೆಯ ಹೊಲಿಗೆ ಇದ್ದರೆ ಅಪಾಯ ಹೆಚ್ಚು, ಹಿಗ್ಗುವ ಜಾಗದಲ್ಲಿದ್ದರೆ ಕಡಿಮೆ. ಹೆಸರಿನ ಕೊನೆಗೆ 'ಸಮುದ್ರ' ಎಂದಿರುವ ಊರಿನವರಿಗೆ ಕೆರೆಯ ಮಾತಿನಲ್ಲಿ ಹೇಳಿದರೆ ಬೇಗ ತಿಳಿದೀತು: ಒಡೆದು ರಿಪೇರಿಯಾದ ಜಾಗ ನೀರಿನ ಒತ್ತಡ ಪೂರ್ತಿ ಬೀಳುವ ನಡುಕಟ್ಟೆಯಲ್ಲಿದೆಯೋ ಅಂಚಿನಲ್ಲಿದೆಯೋ ಎಂದು ನೋಡದೆ ಯಾರೂ ಕಟ್ಟೆಯ ಭರವಸೆ ಕೊಡುವುದಿಲ್ಲ.

ಲೆಕ್ಕ ಹೀಗಿದೆ. ಹಿಂದೆ ಒಂದೇ ಆಪರೇಷನ್ ಆಗಿ, ಅದೂ ಕೆಳಭಾಗದ ಅಡ್ಡ ಕೊಯ್ತವಾಗಿದ್ದು, ಈಗ ಸಹಜ ಹೆರಿಗೆಗೆ ಪ್ರಯತ್ನಿಸುವ ತಾಯಂದಿರಲ್ಲಿ ನೂರಕ್ಕೆ ಸುಮಾರು 72ರಿಂದ 75 ಮಂದಿ ಸಹಜವಾಗಿ ಹೆರುತ್ತಾರೆ. ಹಿಂದೆ ಒಂದಾದರೂ ಸಹಜ ಹೆರಿಗೆ ಆಗಿದ್ದವರಲ್ಲಿ ಅದು 85ರಿಂದ 90ರವರೆಗೆ ಏರುತ್ತದೆ. ಉಳಿದವರಿಗೆ ನೋವು ತಿಂದ ಮೇಲೂ ಆಪರೇಷನ್ ಆಗುತ್ತದೆ. ಹೀಗೆ ನಡುವೆ ತಿರುಗಿ ಮಾಡುವ ಆಪರೇಷನ್ ಮೊದಲೇ ದಿನ ಗೊತ್ತುಮಾಡಿ ಮಾಡುವುದಕ್ಕಿಂತ ಕಷ್ಟದ್ದು, ನಂಜು ಮತ್ತು ರಕ್ತಸ್ರಾವ ಹೆಚ್ಚು, ಇದನ್ನು ಮುಚ್ಚಿಡಬಾರದು. ಇನ್ನು ಎಲ್ಲರೂ ಹೆದರುವ ಮಾತು, ಹಳೆಯ ಹೊಲಿಗೆ ಬಿಟ್ಟು ಗರ್ಭಕೋಶ ಹರಿಯುವುದು. ಅದು ಇನ್ನೂರು ಮಂದಿಯಲ್ಲಿ ಒಬ್ಬರಿಗೆ ಸಂಭವಿಸುತ್ತದೆ. ಉದ್ದ ಕೊಯ್ತ ಇದ್ದವರಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು. ಅವರಿಗೆ ಆಪರೇಷನ್ನೇ ಸರಿ.

ಇನ್ನೂರರಲ್ಲಿ ಒಂದು ಎಂದರೆ ಸಣ್ಣದು. ಆದರೆ ಅದು ಆದಾಗ ಗಂಟೆಗಳ ಕಾಲಾವಕಾಶ ಇರುವುದಿಲ್ಲ. ನಿಮಿಷಗಳಲ್ಲಿ ಹೊಟ್ಟೆ ತೆರೆಯಬೇಕು, ಅರಿವಳಿಕೆ ಕೊಡುವ ವೈದ್ಯರು ಅಲ್ಲೇ ಇರಬೇಕು, ರಕ್ತ ಸಿದ್ಧವಿರಬೇಕು. ಇಡೀ ವಿಷಯದ ತಿರುಳು ಇಲ್ಲಿದೆ. ಅಪಾಯವನ್ನು ಅಳೆಯಬೇಕಾದದ್ದು ತಾಯಿಯ ಮೈಯಲ್ಲಿ ಮಾತ್ರವಲ್ಲ, ಅವಳು ಮಲಗಿರುವ ಆಸ್ಪತ್ರೆಯಲ್ಲಿಯೂ ಕೂಡ. ಅದೇ ಹೆಣ್ಣುಮಗಳು ರಾತ್ರಿಯೂ ಆಪರೇಷನ್ ಕೋಣೆ ನಡೆಯುವ ಆಸ್ಪತ್ರೆಯಲ್ಲಿದ್ದರೆ ಒಂದು ಲೆಕ್ಕ, ಅರಿವಳಿಕೆ ವೈದ್ಯರನ್ನು ಬೇರೆ ಊರಿನಿಂದ ಫೋನ್ ಮಾಡಿ ಕರೆಸುವ ಸಣ್ಣ ನರ್ಸಿಂಗ್ ಹೋಮಿನಲ್ಲಿದ್ದರೆ ಇನ್ನೊಂದು ಲೆಕ್ಕ.

ಆದ್ದರಿಂದಲೇ ಅನೇಕ ಆಸ್ಪತ್ರೆಗಳು "ನಮ್ಮಲ್ಲಿ ಆಗುವುದಿಲ್ಲ" ಎಂದುಬಿಡುತ್ತವೆ. ವೈದ್ಯರು ಹಣಕ್ಕಾಗಿ ಕೊಯ್ಯುತ್ತಾರೆಂದು ದೂರುವುದು ಸುಲಭ. ಅಂಥವರೂ ಇದ್ದಾರೆ, ಇಲ್ಲವೆಂದು ಹೇಳಲಾರೆವು. ಆದರೆ ರಾತ್ರಿಯೆಲ್ಲ ಒಬ್ಬರೇ ಡ್ಯೂಟಿಯಲ್ಲಿರುವ ಲೇಡಿ ಡಾಕ್ಟರಿಗೆ ಹನ್ನೆರಡು ಗಂಟೆ ಒಬ್ಬ ತಾಯಿಯ ಪಕ್ಕದಲ್ಲಿ ಕಾಯುವುದು ಹೇಗೆ ಸಾಧ್ಯ? ಏನಾದರೂ ಆದರೆ ಆಸ್ಪತ್ರೆಯ ಗಾಜು ಒಡೆಯಲು ಬರುವವರೂ ನಮ್ಮವರೇ ಅಲ್ಲವೇ? ಈ ಕಷ್ಟ ನಮಗೆ ಮಾತ್ರ ಇರುವುದೂ ಅಲ್ಲ. ಅಮೆರಿಕದಲ್ಲಿ 1996ರಲ್ಲಿ ಹಿಂದೆ ಸಿಜೇರಿಯನ್ ಆದ ತಾಯಂದಿರಲ್ಲಿ ನೂರಕ್ಕೆ 28 ಮಂದಿ ಸಹಜವಾಗಿ ಹೆತ್ತಿದ್ದರು. 1999ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಂಘ, ಆಪರೇಷನ್ ಮಾಡಬಲ್ಲವರು ಆ ಕ್ಷಣಕ್ಕೇ ದೊರೆಯುವಂತಿರಬೇಕೆಂದು ತನ್ನ ನಿಯಮವನ್ನು ಬಿಗಿಗೊಳಿಸಿತು. ಸಣ್ಣ ಊರುಗಳ ಆಸ್ಪತ್ರೆಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಹತ್ತು ವರ್ಷಗಳೊಳಗೆ ಆ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿಯಿತು. 2010ರಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಸಂಸ್ಥೆಯೇ ತಜ್ಞರನ್ನು ಕೂರಿಸಿ, ಹೆಚ್ಚಿನ ತಾಯಂದಿರಿಗೆ ಸಹಜ ಹೆರಿಗೆಯ ಪ್ರಯತ್ನ ಯೋಗ್ಯವಾದ ಆಯ್ಕೆ, ಈ ಅಡ್ಡಿಗಳನ್ನು ಮತ್ತೆ ಪರಿಶೀಲಿಸಿ ಎಂದು ಹೇಳಿಸಬೇಕಾಯಿತು.

ನಮ್ಮ ಕಡೆಗೆ ಬರೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಡೀ ಭಾರತದಲ್ಲಿ ನೂರು ಹೆರಿಗೆಗಳಲ್ಲಿ 21.5 ಸಿಜೇರಿಯನ್. ಕರ್ನಾಟಕದಲ್ಲಿ 31.5. ನಮ್ಮ ಆಂಧ್ರಪ್ರದೇಶದಲ್ಲಿ 42.4. ಆಂಧ್ರದ ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ 63. ಸರ್ಕಾರಿ ಆಸ್ಪತ್ರೆಗಳಲ್ಲಿ 26.6. ಒಂದು ದೇಶದಲ್ಲಿ ಈ ಪ್ರಮಾಣ ನೂರಕ್ಕೆ ಹತ್ತನ್ನು ದಾಟಿದ ಮೇಲೆ ಇನ್ನೂ ಏರಿದರೂ ತಾಯಿ ಮಕ್ಕಳ ಸಾವು ಅದರಿಂದ ಕಡಿಮೆಯಾಗುವುದು ಕಾಣುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಮೊದಲ ಹೆರಿಗೆಯೇ ಇಷ್ಟೊಂದು ಆಪರೇಷನ್ ಆದರೆ, ಎರಡನೆಯ ಹೆರಿಗೆಗೆ ಬರುವ ತಾಯಂದಿರಲ್ಲಿ ಹೊಲಿಗೆ ಇರುವವರೇ ಸಾಲುಗಟ್ಟಿರುತ್ತಾರೆ. ಅವರೆಲ್ಲರಿಗೂ ಮತ್ತೆ ಆಪರೇಷನ್ನೇ ಎಂದರೆ ಈ ಸಂಖ್ಯೆ ಇಳಿಯುವ ಬಗೆ ಎಲ್ಲಿ?

"ಎರಡೇ ಮಕ್ಕಳು, ಎರಡು ಸಲ ಕೊಯ್ದರೆ ಏನಾಯಿತು" ಎನ್ನುವವರೂ ಇದ್ದಾರೆ. ಎರಡನೆಯ ಆಪರೇಷನ್ನಿನ ಜೊತೆಗೇ ಮಕ್ಕಳಾಗದ ಆಪರೇಷನ್ನನ್ನೂ ಮುಗಿಸಿಬಿಡೋಣವೆಂಬ ಲೆಕ್ಕ ಇದರ ಹಿಂದೆ ಇರುತ್ತದೆ. ಅದರ ಬಗ್ಗೆ ಧರ್ಮಸಭೆಯ ಬೋಧನೆ ನಿಮಗೆ ಗೊತ್ತಿರುವುದೇ, ಇಲ್ಲಿ ಮತ್ತೆ ಹೇಳುವುದಿಲ್ಲ. ಆದರೆ ಆ ನಿರ್ಧಾರವೇ ಬೇರೆ, ಮಗು ಯಾವ ದಾರಿಯಲ್ಲಿ ಹುಟ್ಟಬೇಕೆಂಬ ನಿರ್ಧಾರವೇ ಬೇರೆ. ಒಂದಕ್ಕಾಗಿ ಇನ್ನೊಂದನ್ನು ಮಾಡಿಸಬಾರದು. ಮೂರನೆಯ ಮಗುವಿನ ಆಸೆ ಇದ್ದವರಿಗಂತೂ ಈ ಮಾತು ಮುಖ್ಯ. ಪ್ರತಿ ಆಪರೇಷನ್ನೂ ಗರ್ಭಕೋಶದ ಮೇಲೆ ಒಂದು ಗಾಯದ ಗುರುತು ಬಿಡುತ್ತದೆ. ಮುಂದಿನ ಬಸಿರಿನಲ್ಲಿ ಮಾಸು ಆ ಗುರುತಿನ ಮೇಲೆಯೇ ಕೂತು ಒಳಕ್ಕೆ ಬೇರುಬಿಡಬಹುದು. ಆಗ ಮಾಸು ಬಿಡದೆ ರಕ್ತ ಧಾರಾಕಾರ ಹರಿಯುತ್ತದೆ, ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದ ತಾಯಂದಿರನ್ನು 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ ಪರಿಶೀಲಿಸಿತು. ಅವರಲ್ಲಿ ಎರಡನೆಯ ಆಪರೇಷನ್ ಆಗುತ್ತಿದ್ದವರಿಗೆ ಹೀಗೆ ಬೇರುಬಿಟ್ಟದ್ದು ನೂರಕ್ಕೆ 11, ಮೂರನೆಯ ಆಪರೇಷನ್ ಆಗುತ್ತಿದ್ದವರಿಗೆ 40. ಎರಡು ಸಲ ಕೊಯ್ಸಿಕೊಂಡವರೆಲ್ಲರಿಗೂ ಹೀಗಾಗುತ್ತದೆಂದು ಯಾರೂ ತಿಳಿಯಬಾರದು. ಆದರೆ ಹೊಲಿಗೆ ಇದ್ದವರೆಲ್ಲರೂ ಮುಂದಿನ ಬಸಿರಿನಲ್ಲಿ ಮಾಸು ಎಲ್ಲಿ ಕೂತಿದೆಯೆಂದು ಸ್ಕ್ಯಾನಿಂಗ್ ಮಾಡಿಸಿ ಕೇಳಲೇಬೇಕು.

ನಮ್ಮ ಕೃಷಿಕ ಕುಟುಂಬಗಳಿಗೆ ಆಪರೇಷನ್ ಎಂದರೆ ಇನ್ನೂ ಒಂದು ಭಾರ. ಹೊಟ್ಟೆ ಕೊಯ್ಸಿಕೊಂಡ ಬಾಣಂತಿ ಕನಿಷ್ಠ ಆರು ವಾರ ತುಂಬಿದ ಬಿಂದಿಗೆ ಎತ್ತಬಾರದು, ಮೇವಿನ ಹೊರೆ ಹೊರಬಾರದು. ಶೇಂಗಾ ಕೀಳುವ ಹೊತ್ತಿಗೆ ಎಷ್ಟು ಮನೆಗಳು ಈ ಮಾತನ್ನು ಪಾಲಿಸುತ್ತವೆ ಎಂಬುದನ್ನು ಅತ್ತೆಯಂದಿರೇ ಹೇಳಬೇಕು.

ಈಗ ಕಾಗದದ ಮಾತು. ನಾವು ಹೇಳಬೇಕೆಂದಿರುವುದರಲ್ಲಿ ಇದೇ ದೊಡ್ಡದು.

ಹೊಟ್ಟೆಯ ಚರ್ಮದ ಮೇಲೆ ಕಾಣುವ ಗೆರೆ ಒಳಗಿನ ಗೆರೆಯನ್ನು ಹೇಳುವುದಿಲ್ಲ. ಹೊರಗೆ ಅಡ್ಡ ಗೆರೆ ಇದ್ದು ಒಳಗೆ ಗರ್ಭಕೋಶವನ್ನು ಉದ್ದ ಕೊಯ್ದಿರಬಹುದು, ಹೊರಗೆ ಉದ್ದ ಗೆರೆ ಇದ್ದು ಒಳಗೆ ಅಡ್ಡ ಕೊಯ್ದಿರಬಹುದು. ಯಾವ ಕೊಯ್ತ, ಯಾಕೆ ಆಪರೇಷನ್ ಮಾಡಿದರು, ಕೊಯ್ತ ಹರಿದು ಮುಂದಕ್ಕೆ ಹೋಗಿತ್ತೇ, ಆಮೇಲೆ ನಂಜಾಯಿತೇ - ಇದೆಲ್ಲ ಬರೆದಿರುವುದು ಆಸ್ಪತ್ರೆಯಿಂದ ಬಿಡುವಾಗ ಕೊಡುವ ಡಿಸ್ಚಾರ್ಜ್ ಕಾಗದದಲ್ಲಿ. ಅದು ಇಲ್ಲವಾದರೆ ಯಾವ ವೈದ್ಯರೂ ಧೈರ್ಯದಿಂದ "ನೋವು ಬರಲಿ, ನೋಡೋಣ" ಎನ್ನುವುದಿಲ್ಲ, ಅವರನ್ನು ತಪ್ಪೆನ್ನಲೂ ಆಗದು.

ನಮ್ಮಲ್ಲಿ ಈ ಕಾಗದ ಕಳೆದುಹೋಗುವುದಕ್ಕೆ ವಿಶೇಷ ಕಾರಣವಿದೆ. ಹೆಣ್ಣು ತರುವುದು, ಹೆಣ್ಣು ಕೊಡುವುದು ಗಡಿಯ ಎರಡೂ ಕಡೆ: ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು, ಮಧುಗಿರಿ. ಚೊಚ್ಚಲ ಹೆರಿಗೆ ತವರಿನಲ್ಲಿ. ತಾಯಿ ಕಾರ್ಡು ಕರ್ನಾಟಕದ್ದು, ಕನ್ನಡದಲ್ಲಿ. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ. ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಮಗುವನ್ನು ಕರೆದುಕೊಂಡು ಸೊಸೆ ಗಂಡನ ಮನೆಗೆ ಬರುತ್ತಾಳೆ. ತೊಟ್ಟಿಲು ಬರುತ್ತದೆ, ಬೆಳ್ಳಿ ಕಡಗ ಬರುತ್ತದೆ, ಕಾಗದ ತವರಿನ ಟ್ರಂಕಿನಲ್ಲಿ ಉಳಿಯುತ್ತದೆ. ಎರಡನೆಯ ಹೆರಿಗೆಗೆ ಆಂಧ್ರದ ಆಸ್ಪತ್ರೆಗೆ ಹೋದಾಗ ತೆಲುಗಿನ ಹೊಸ ಕಾರ್ಡಿನಲ್ಲಿ "ಹಿಂದೆ ಆಪರೇಷನ್" ಎಂಬ ಎರಡು ಪದ ಮಾತ್ರ ಸೇರುತ್ತವೆ. ಉಳಿದ ಕಥೆ ಗಡಿಯಾಚೆ. ಆದ್ದರಿಂದ, ಎರಡನೆಯ ಬಸಿರು ಗೊತ್ತಾದ ಕೂಡಲೇ ತವರಿಗೆ ಫೋನ್ ಮಾಡಿ ಆ ಕಾಗದ ತರಿಸಿರಿ. ಹರಿದು ಹೋಗಿದ್ದರೆ ಆಪರೇಷನ್ ಆದ ಆಸ್ಪತ್ರೆಗೆ ದಾಖಲಾದ ತಾರೀಕು ಹೇಳಿ ಪ್ರತಿ ಕೇಳಿರಿ. ಅದನ್ನು ಕೇಳುವುದು ನಿಮ್ಮ ಹಕ್ಕು.

ಕಾಗದ ಕೈಗೆ ಬಂದ ಮೇಲೆ "ಯಾಕೆ" ಎಂಬ ಸಾಲನ್ನು ನೋಡಿಸಿರಿ. ಮೊದಲ ಮಗು ಬುಡ ಕೆಳಗಾಗಿದ್ದರಿಂದ ಆಪರೇಷನ್ ಆಗಿದ್ದರೆ, ಈ ಸಲ ತಲೆ ಕೆಳಗಿದ್ದರೆ ಆ ಕಾರಣವೇ ಇಲ್ಲವಾಯಿತು. ನೋವು ಮುಂದುವರಿಯಲಿಲ್ಲ ಎಂದಿದ್ದರೆ ವೈದ್ಯರು ಸ್ವಲ್ಪ ಯೋಚಿಸುತ್ತಾರೆ, ಆದರೂ ಬಾಗಿಲು ಮುಚ್ಚುವುದಿಲ್ಲ. ಎರಡು ಹೆರಿಗೆಗಳ ನಡುವೆ ಎಷ್ಟು ಅಂತರವೆಂಬುದೂ ಮುಖ್ಯ. ಹದಿನೆಂಟು ತಿಂಗಳಿಗಿಂತ ಕಡಿಮೆಯಾದರೆ ಹೊಲಿಗೆ ಬಿಡುವ ಅಪಾಯ ಹೆಚ್ಚುತ್ತದೆ. ಇದು ಗಂಡಂದಿರು ನೆನಪಿಡಬೇಕಾದ ಲೆಕ್ಕ.

ಆಸ್ಪತ್ರೆಯಲ್ಲಿ ಏಳನೆಯ ತಿಂಗಳಿಗಿಂತ ಮುಂಚೆಯೇ ನೇರವಾಗಿ ಕೇಳಿರಿ: ಹೊಲಿಗೆ ಇದ್ದವರಿಗೆ ಇಲ್ಲಿ ಸಹಜ ಹೆರಿಗೆ ಮಾಡಿಸುತ್ತೀರಾ? ರಾತ್ರಿ, ಭಾನುವಾರ ಆಪರೇಷನ್ ಮಾಡುವವರೂ ಅರಿವಳಿಕೆಯವರೂ ಒಳಗೇ ಇರುತ್ತಾರಾ? ರಕ್ತ ಎಲ್ಲಿಂದ ಬರುತ್ತದೆ? ನೋವಿನ ಉದ್ದಕ್ಕೂ ಮಗುವಿನ ಎದೆಬಡಿತ ನೋಡುತ್ತಿರುತ್ತೀರಾ? ಇಲ್ಲವೆಂದರೆ ಸಿಟ್ಟಾಗಬೇಡಿರಿ. ಇಲ್ಲವೆಂದು ನಿಜ ಹೇಳುವ ಆಸ್ಪತ್ರೆ ಒಳ್ಳೆಯ ಆಸ್ಪತ್ರೆಯೇ. ಎಲ್ಲಿ ಆಗುತ್ತದೆಂದು ಅವರನ್ನೇ ಕೇಳಿ ಚೀಟಿ ಬರೆಸಿಕೊಳ್ಳಿರಿ. 1969ರಲ್ಲಿ ಅನಂತಪುರಕ್ಕೆ ಬಂದ ವಿನ್ಸೆಂಟ್ ಫೆರರ್ ಅವರು ಕಟ್ಟಿದ ಆರ್.ಡಿ.ಟಿ. ಸಂಸ್ಥೆ ಕಲ್ಯಾಣದುರ್ಗದಲ್ಲಿಯೂ, 2000ದಲ್ಲಿ ಬತ್ತಲಪಲ್ಲಿಯಲ್ಲಿಯೂ ಆಸ್ಪತ್ರೆ ತೆರೆದದ್ದು, ಹಿಂದೂಪುರ ಮತ್ತು ಅನಂತಪುರದ ಸರ್ಕಾರಿ ಆಸ್ಪತ್ರೆಗಳು ಇರುವುದು ನಿಮಗೆ ಗೊತ್ತು. ಎಲ್ಲಿ ಇಂದು ಯಾವ ಪದ್ಧತಿ ಎಂದು ನಾವು ಇಲ್ಲಿ ಬರೆಯುವುದಿಲ್ಲ. ವೈದ್ಯರು ಬದಲಾದಂತೆ ಪದ್ಧತಿಯೂ ಬದಲಾಗುತ್ತದೆ, ಹೋಗಿ ಕೇಳುವುದೇ ದಾರಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಆಗುವ ವ್ಯವಸ್ಥೆ 2016ರಲ್ಲಿ ಬಂದಿದೆ. ಕೇಳಲು ಅದೇ ತಕ್ಕ ದಿನ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಸಹಜವಾದರೂ ಆಪರೇಷನ್ನಾದರೂ ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ಉಚಿತ ಎಂಬುದನ್ನೂ ನೆನಪಿಡಿ.

ಕಾಯುವ ಕೈಗಳಿದ್ದರೆ ಕೆಲಸ ಆಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಹೈದರಾಬಾದಿನಲ್ಲಿ 1948ರಲ್ಲಿ ಪುಟ್ಟದಾಗಿ ಆರಂಭವಾದ ಫರ್ನಾಂಡಿಸ್ ಆಸ್ಪತ್ರೆ 2011ರಲ್ಲಿ ನರ್ಸುಗಳಿಗೆ ಸೂಲಗಿತ್ತಿಯರ ವಿದ್ಯೆಯನ್ನು ಶಾಸ್ತ್ರೀಯವಾಗಿ ಕಲಿಸತೊಡಗಿತು. ದೇಶದಲ್ಲೇ ಅತಿ ಹೆಚ್ಚು ಸಿಜೇರಿಯನ್ ನಡೆಯುವ ತೆಲಂಗಾಣದ ಸರ್ಕಾರ 2017ರಲ್ಲಿ ಅವರ ನೆರವಿನಿಂದಲೇ ತನ್ನ ನರ್ಸುಗಳಿಗೆ ಆ ತರಬೇತಿ ಕೊಡಿಸಿತು. ಮರುವರ್ಷ ಕೇಂದ್ರ ಸರ್ಕಾರವೂ ಇದನ್ನೇ ದೇಶಕ್ಕೆಲ್ಲ ನೀತಿಯಾಗಿ ಪ್ರಕಟಿಸಿತು. ತಾಯಿಯ ಪಕ್ಕದಲ್ಲಿ ಕೂತು ಕಾಯಲು ಒಬ್ಬರು, ಅಪಾಯ ಕಂಡರೆ ಓಡಿಬರಲು ವೈದ್ಯರು - ಈ ಎರಡೂ ಒಂದೇ ಸೂರಿನ ಕೆಳಗೆ ಇರಬೇಕು.

ಸೂಲಗಿತ್ತಿ ಎಂದ ಕೂಡಲೇ ನಮ್ಮ ಪಕ್ಕದ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರ ನೆನಪಾಗುತ್ತದೆ. ಎಪ್ಪತ್ತು ವರ್ಷಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, ಕಾಸು ಕೇಳದೆ, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡ ಮಹಾತಾಯಿ ಅವರು. "ಅಂಥವರ ಕೈಯಲ್ಲಿ ಮನೆಯಲ್ಲೇ ಆಗುತ್ತಿತ್ತಲ್ಲ" ಎಂದು ಹಿರಿಯರು ಹೇಳಿದರೆ ಒಂದು ವ್ಯತ್ಯಾಸ ತಿಳಿಸಿರಿ. ಅವರು ಕೆಲಸ ಕಲಿತ ಕಾಲದಲ್ಲಿ ಹಳ್ಳಿಯ ಬಸುರಿಯರ ಗರ್ಭಕೋಶದಲ್ಲಿ ಹೊಲಿಗೆ ಇರುತ್ತಿರಲಿಲ್ಲ. ಹೊಲಿಗೆ ಇದ್ದ ತಾಯಿಗೆ ಮನೆಯ ಹೆರಿಗೆ ಬೇಡವೇ ಬೇಡ. ಎಷ್ಟು ನುರಿತ ಕೈಯಾದರೂ ಹರಿದ ಗರ್ಭಕೋಶವನ್ನು ಮನೆಯಲ್ಲಿ ಹೊಲಿಯಲಾರದು.

ಹಾಗೆಯೇ, ನೋವು ಬೇಗ ಬರಲೆಂದು ಊರಿನ ಆರ್.ಎಂ.ಪಿ. ಕೈಯಲ್ಲಿ ಸೂಜಿ ಚುಚ್ಚಿಸಬೇಡಿರಿ, ಅಂಗಡಿಯಿಂದ ಮಾತ್ರೆ ತಂದು ನುಂಗಿಸಬೇಡಿರಿ. ಹೊಲಿಗೆ ಇರುವ ಗರ್ಭಕೋಶಕ್ಕೆ ನೋವಿನ ಔಷಧಿ ಕೊಟ್ಟರೆ ಹರಿಯುವ ಅಪಾಯ ಎರಡು ಮೂರು ಪಟ್ಟು ಏರುತ್ತದೆ. ದೊಡ್ಡ ಆಸ್ಪತ್ರೆಯ ವೈದ್ಯರೇ ಅದನ್ನು ಅಳೆದು ತೂಗಿ ಕೊಡುತ್ತಾರೆ, ಕೆಲವು ಔಷಧಿಗಳನ್ನು ಕೊಡುವುದೇ ಇಲ್ಲ. ಹರಳೆಣ್ಣೆ, ಕಷಾಯವೂ ಬೇಡ. ಹಾಗೆಯೇ ಒಳ್ಳೆಯ ನಕ್ಷತ್ರ ಬಂತೆಂದು ದಿನ ತುಂಬುವ ಮೊದಲೇ ಆಪರೇಷನ್ನಿಗೆ ಗಂಟೆ ಗೊತ್ತುಮಾಡಿಸುವುದೂ ಬೇಡ. ನಮ್ಮ ಜನರಲ್ಲೂ ಈ ಚಾಳಿ ಇದೆಯೆಂದು ಕೇಳಿ ವ್ಯಥೆಯಾಗುತ್ತದೆ. ಮೂವತ್ತೊಂಬತ್ತು ವಾರ ತುಂಬದೆ ತೆಗೆದ ಮಗುವಿಗೆ ಉಸಿರಾಟದ ತೊಂದರೆ ಹೆಚ್ಚು.

ದಿನ ತುಂಬುವ ಹೊತ್ತಿಗೆ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಯಲ್ಲಿ ಉಳಿಯುವುದು ಒಳ್ಳೆಯದು. ಬ್ರಹ್ಮಸಮುದ್ರದಿಂದ ಕಲ್ಯಾಣದುರ್ಗ, ಅಲ್ಲಿಂದ ಅನಂತಪುರ ಸುಮಾರು ಅರವತ್ತು ಕಿಲೋಮೀಟರು. ರಾತ್ರಿ ನೋವು ಬಂದ ಮೇಲೆ ಲೆಕ್ಕ ಹಾಕುವ ದೂರವಲ್ಲ. ನೋವು ಶುರುವಾದರೆ ಅಥವಾ ನೀರು ಹೋದರೆ ತಡಮಾಡದೆ 108ಕ್ಕೆ ಫೋನ್ ಮಾಡಿರಿ. ಎರಡು ನೋವುಗಳ ನಡುವೆಯೂ ಬಿಡದೆ ಉಳಿಯುವ ಹೊಟ್ಟೆನೋವು, ಹಳೆಯ ಹೊಲಿಗೆಯ ಜಾಗದಲ್ಲಿ ಇದ್ದಕ್ಕಿದ್ದಂತೆ ಸೀಳಿದಂಥ ನೋವು, ರಕ್ತ ಹೋಗುವುದು, ಬರುತ್ತಿದ್ದ ನೋವು ಹಠಾತ್ತನೆ ನಿಂತುಹೋಗುವುದು, ಕಣ್ಣು ಕತ್ತಲೆಯಾಗಿ ಬೆವರುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು - ಇವುಗಳಲ್ಲಿ ಒಂದು ಕಂಡರೂ ಅದು ಕಾಯುವ ಸಮಯವಲ್ಲ, ಜೊತೆಯಲ್ಲಿರುವವರು ಕೂಗಿ ಹೇಳಬೇಕು.

ಇಷ್ಟೆಲ್ಲ ತಿಳಿದ ಮೇಲೂ ಒಬ್ಬ ತಾಯಿ "ನನಗೆ ಆ ನೋವಿನ ಭಯವಿದೆ, ಆಪರೇಷನ್ನೇ ಆಗಲಿ" ಎಂದರೆ ಅವಳನ್ನು ಯಾರೂ ಹೀಯಾಳಿಸಬಾರದು. ಸಹಜವಾಗಿ ಹೆತ್ತವಳು ದೊಡ್ಡ ತಾಯಿ, ಕೊಯ್ಸಿಕೊಂಡವಳು ಸಣ್ಣ ತಾಯಿ ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳಬಾರದು. ಹಾಗೆಯೇ ಪ್ರಯತ್ನಿಸುತ್ತೇನೆ ಎಂದವಳನ್ನು ಗಂಡನ ಮನೆಯವರು ತಡೆಯಬಾರದು. ಮೈ ಅವಳದು, ಸಹಿ ಮಾತ್ರ ಗಂಡನದು ಎಂಬಂತಾಗಬಾರದು.

ಹಿಂದಿನ ಹೆರಿಗೆಯ ಕಾಗದವನ್ನು ಓದಲು ಬಾರದವರು ಭಾನುವಾರ ಬಲಿಪೂಜೆಯ ನಂತರ ಅದನ್ನು ನಮ್ಮ ಬಳಿಗೋ ನಿಮಗೆ ಪರಿಚಯವಿರುವ ನರ್ಸಮ್ಮನವರ ಬಳಿಗೋ ತರಬಹುದು. ಇಂಗ್ಲಿಷನ್ನು ನಾವು ಓದಿ ಹೇಳುತ್ತೇವೆ. ಅರ್ಥವನ್ನು ವೈದ್ಯರೇ ಹೇಳಬೇಕು. ಮೂಲ ಕಾಗದವನ್ನು ಯಾರಿಗೂ ಕೊಟ್ಟುಬಿಡದೆ ಎರಡು ಝೆರಾಕ್ಸ್ ಮಾಡಿಸಿ, ಒಂದನ್ನು ತಾಯಿ ಕಾರ್ಡಿನೊಳಗೆ, ಇನ್ನೊಂದನ್ನು ಮಗುವಿನ ಜ್ಞಾನಸ್ನಾನದ ಪತ್ರದ ಜೊತೆಗೆ ಇಡಿರಿ.